ಮೊಡವೆ ಮುಖಕ್ಕೆ ಜೆಲ್ ಮಾಯಿಶ್ಚರೈಸರ್: ರಾತ್ರಿಗೆ ಭೇಷ್, ಬೆಳಿಗ್ಗೆ ತಕರಾರು

ಮೊದಲು ತಕರಾರು ಹೇಳಿಬಿಡುತ್ತೇನೆ. ಈ ಜೆಲ್ ಮೇಲೆ ಸನ್‌ಸ್ಕ್ರೀನ್ ಉಜ್ಜಿದರೆ ಅದು ಉಂಡೆ ಕಟ್ಟುತ್ತದೆ. ರಬ್ಬರಿನಿಂದ ಅಳಿಸಿದಾಗ ಉದುರುವ ಚೂರುಗಳ ಹಾಗೆ, ಕೆನ್ನೆ ತುಂಬಾ ಸಣ್ಣ ಸಣ್ಣ ಬಿಳಿ ಚೂರು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲಿ ಮತ್ತೆ ಮುಖ ತೊಳೆಯಬೇಕು ಅಂದರೆ ಎಷ್ಟು ಸಿಟ್ಟು ಬರುತ್ತದೆ ಗೊತ್ತಾ? ಮಾಡಿದವರು ಒಂದು ಸಲವಾದರೂ ಸನ್‌ಸ್ಕ್ರೀನ್ ಜೊತೆ ಹಚ್ಚಿ ನೋಡಬೇಕಿತ್ತು.

ಆದರೂ ಹೋದ ವರ್ಷದ ಮಳೆಗಾಲದಿಂದ ಇದನ್ನೇ ತರುತ್ತಿದ್ದೇನೆ. ಕಾರಣ ಅಡಾಪಲಿನ್.

ಮೊಡವೆಗೆ ಚರ್ಮದ ಡಾಕ್ಟರ್ 0.1% ಅಡಾಪಲಿನ್ ಜೆಲ್ ಬರೆದುಕೊಟ್ಟಿದ್ದರು. ಅದರ ಗುಣ ಸರಿಯಾಗಿ ಕಾಣಲು 8ರಿಂದ 12 ವಾರ ಬೇಕು. ಒಣಗುವುದು, ಸಿಪ್ಪೆ ಏಳುವುದು, ಉರಿ ಮಾತ್ರ ಮೊದಲ ವಾರಗಳಲ್ಲೇ ಶುರು. ಬಹಳ ಜನ ಔಷಧಿ ಬಿಡುವುದು ಇಲ್ಲೇ. ನನಗೆ ತುಟಿಯ ಎರಡೂ ಕೊನೆ ಒಡೆದು, ನಕ್ಕರೆ ಚುರ್ ಅನ್ನುತ್ತಿತ್ತು. ಅದೇ ಹೊತ್ತಿಗೆ ಹಣೆ, ಮೂಗು ಮಧ್ಯಾಹ್ನದೊಳಗೆ ಜಿಡ್ಡು ಜಿಡ್ಡು. "ಇಷ್ಟು ಎಣ್ಣೆ ಮುಖಕ್ಕೆ ಮತ್ತೆ ಕ್ರೀಮ್ ಯಾಕೆ ಮಾರಾಯ್ತಿ?" ಅಂತ ಅತ್ತಿಗೆ ಕೇಳಿದರು. ಜಿಡ್ಡು ಬೇರೆ, ನೀರಿನಂಶ ಬೇರೆ. ಜಿಡ್ಡಿರುವ ಚರ್ಮವೂ ಒಳಗೆ ಒಣಗಿರಬಹುದು, ಅದರಲ್ಲೂ ಇಂಥ ಔಷಧಿ ಹಚ್ಚುವಾಗ.

ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ ನನ್ನ ಸರದಿ. ಮುಖ ತೊಳೆದು ತೆಳು ಟವೆಲಿನಿಂದ ಒತ್ತುತ್ತೇನೆ, ಉಜ್ಜುವುದಿಲ್ಲ. ಪಸೆ ಇರುವಾಗಲೇ ಈ ಮಾಯಿಶ್ಚರೈಸರ್ ಜೆಲ್. ಅದು ಪೂರ್ತಿ ಆರುವ ತನಕ ಮರುದಿನದ ಬಟ್ಟೆ ಇಸ್ತ್ರಿ ಮಾಡುತ್ತೇನೆ. ಆಮೇಲೆ ಬಟಾಣಿ ಕಾಳಿನಷ್ಟು ಅಡಾಪಲಿನ್, ಇಡೀ ಮುಖಕ್ಕೆ ಅಷ್ಟೇ ಸಾಕು. ಕಣ್ಣಿನ ಸುತ್ತ, ತುಟಿಯ ಕೊನೆಗೆ ತಾಗಿಸುವುದಿಲ್ಲ. ಕೊನೆಗೆ ಒಣಗುವ ಜಾಗಕ್ಕೆ ಮತ್ತೊಂದು ತೆಳು ಪದರ ಜೆಲ್. ಹೀಗೆ ಮಾಡಲು ಶುರು ಮಾಡಿದ ಮೇಲೆ ಉರಿ ನಿಂತಿತು, ಔಷಧಿ ಬಿಡುವ ಮಾತೇ ಬರಲಿಲ್ಲ. ಮೊಡವೆ ಕಡಿಮೆಯಾದದ್ದು ಅಡಾಪಲಿನ್‌ನಿಂದ, ಆ ಔಷಧಿಯನ್ನು ತಡೆದುಕೊಳ್ಳಲು ಆದದ್ದು ಈ ಜೆಲ್‌ನಿಂದ. (ಗರ್ಭಿಣಿಯರು, ಮಗು ಬೇಕೆಂದಿರುವವರು ಡಾಕ್ಟರನ್ನು ಕೇಳದೆ ಅಡಾಪಲಿನ್ ಮುಟ್ಟಬೇಡಿ.)

ಟ್ಯೂಬಿನ ಮೇಲೆ ಬರೆದದ್ದನ್ನೆಲ್ಲ ನೀವೇ ಓದಿರುತ್ತೀರಿ. ನನಗೆ ಬೇಕಿದ್ದದ್ದು ಎರಡೇ: ಗ್ಲಿಸರಿನ್ ಇರಬೇಕು, ಪರಿಮಳ ಇರಬಾರದು. ಎರಡೂ ಸರಿಯಾಗಿದೆ. ಆದರೆ 'ನಾನ್-ಕಾಮೆಡೋಜೆನಿಕ್' (ಚರ್ಮದ ರಂಧ್ರ ಮುಚ್ಚಿ ಮೊಡವೆ ಏಳಿಸುವುದಿಲ್ಲ) ಅನ್ನುವುದನ್ನು ನಂಬಿ ಸುಮ್ನೆ ಇಡೀ ಮುಖಕ್ಕೆ ಬಳಿಯಬೇಡಿ. ಆ ಮಾತಿಗೆ ಎಲ್ಲ ಕಂಪನಿಗಳೂ ಪಾಲಿಸಬೇಕಾದ ಒಂದೇ ಪರೀಕ್ಷೆ ಅಂತ ಇಲ್ಲ. ದವಡೆಯ ಹತ್ತಿರ ಸ್ವಲ್ಪ ದಿನ ಹಚ್ಚಿ ನೋಡಿ.

ಇನ್ನು ಆ ಉಂಡೆಯ ವಿಷಯ. ಈಗ ಬೆಳಿಗ್ಗೆ ಜೆಲ್ ತೀರಾ ಕಡಿಮೆ ಹಚ್ಚುತ್ತೇನೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಬಿಟ್ಟು, ಸನ್‌ಸ್ಕ್ರೀನನ್ನು ಉಜ್ಜದೆ ಬೆರಳಲ್ಲಿ ತಟ್ಟುತ್ತೇನೆ. ಹೀಗೆ ಮಾಡಿದರೆ ಚೂರು ಏಳುವುದು ಅಪರೂಪ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬೈಯ ಗಾಳಿಯೇ ಒದ್ದೆ, ಆಗ ಬೆಳಿಗ್ಗೆ ಸನ್‌ಸ್ಕ್ರೀನ್ ಒಂದೇ ಸಾಕಾಗುತ್ತದೆ. ಜನವರಿಯಲ್ಲಿ, ಇಡೀ ದಿನ ಎಸಿಯಲ್ಲಿ ಕೂರುವಾಗ, ಎರಡು ಹೊತ್ತೂ ಬೇಕು.

ದುಡ್ಡಿನ ಲೆಕ್ಕದಲ್ಲಿ ನನಗೆ ದೂರಿಲ್ಲ. ತಿಂಗಳ ಕೊನೆಗೆ ಕೈ ಬಿಗಿ ಇದ್ದಾಗಲೂ ಕೊಳ್ಳಬಹುದಾದ ಬೆಲೆ. ಬೆಳಿಗ್ಗೆಗೂ ಅಷ್ಟೇ ಚೆನ್ನಾಗಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಸದ್ಯಕ್ಕೆ ನಾಲ್ಕು. ಮೊದಲ ಸಲ ತಗೊಳ್ಳುವವರು ಚಿಕ್ಕ ಟ್ಯೂಬನ್ನೇ ತಗೊಳ್ಳಿ. ನಿಮ್ಮ ಸನ್‌ಸ್ಕ್ರೀನ್ ಜೊತೆ ಇದು ಹೊಂದುತ್ತದಾ ಅಂತ ರಜೆಯ ದಿನ ನೋಡಿ, ಕೆಲಸಕ್ಕೆ ಹೊರಡುವ ಬೆಳಿಗ್ಗೆ ಬೇಡ.