ರಚ್ಚೆ ಹಿಡಿದ ಮಗುವಿಗೆ ‘ಕಾಮ್ ಡೌನ್ ಕಿಟ್’: ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬೇಡ

ಅಳು, ಸಿಟ್ಟು ಬಂದ ಮಗು ಸಮಾಧಾನವಾಗಲೆಂದು ಮಾರುವ ಸಾಮಾನುಗಳ ಪೆಟ್ಟಿಗೆಯೇ ‘ಕಾಮ್ ಡೌನ್ ಕಿಟ್’. ಕಂಪನಿ ಯಾವುದೇ ಇರಲಿ, ಈ ಕಿಟ್‌ಗಳ ಒಳಗಿರುವುದು ಹೆಚ್ಚುಕಡಿಮೆ ಒಂದೇ: ಮುಖಭಾವದ ಕಾರ್ಡುಗಳು, ಕೀಲುಗಳಿದ್ದು ಹಿಗ್ಗಿ ಕುಗ್ಗುವ ಚೆಂಡು, ಮಿನುಗು ಪುಡಿ ತೇಲುವ ಗ್ಲಿಟರ್ ಬಾಟಲಿ, ಮರಳು ಗಡಿಯಾರ, ಹಿಸುಕುವ ಚೆಂಡು. ಪೆಟ್ಟಿಗೆಯ ಬೆಲೆಗೆ ಸಾರ್ಥಕ ಅನ್ನಿಸುವುದು ಮೊದಲ ಎರಡು ಮಾತ್ರ.

ಕಾರ್ಡುಗಳನ್ನೇ ಮೊದಲು ನೋಡಿ. ಅಷ್ಟನ್ನೂ ಒಟ್ಟಿಗೆ ಕೈಗಿತ್ತರೆ ಮಗು ಹರಡಿ ಆಡುತ್ತದೆ, ಅಷ್ಟೇ. ಮೂರು ವರ್ಷದ ಮಗುವಿಗೆ ಖುಷಿ, ದುಃಖ, ಸಿಟ್ಟು, ಹೆದರಿಕೆ ಈ ನಾಲ್ಕು ಸಾಕು. ನಾಚಿಕೆ, ಹೊಟ್ಟೆಕಿಚ್ಚು, ಮುನಿಸು ಐದಾರು ವರ್ಷಕ್ಕೆ ಬರಲಿ. ಹಳದಿ ಗುಂಡುಮುಖದ ಚಿತ್ರಕ್ಕಿಂತ ನಿಜವಾದ ಮುಖದ ಫೋಟೊ ಇರುವ ಸೆಟ್ ಒಳ್ಳೆಯದು. ಹುಬ್ಬು, ಕಣ್ಣು, ತುಟಿ ಹೇಗೆ ಬದಲಾಗುತ್ತವೆಂದು ಅದರಲ್ಲಿ ತೋರಿಸಬಹುದು. ಕನ್ನಡದ ಕಾರ್ಡುಗಳಲ್ಲಿ ‘ಹತಾಶೆ’, ‘ಉದ್ವೇಗ’ ಎಂದೆಲ್ಲ ಅಚ್ಚಾಗಿರುತ್ತದೆ. ಅಂಥ ಮಾತು ಯಾವ ಮಗುವಿನ ಬಾಯಲ್ಲೂ ಇಲ್ಲ. ಅದರ ಮೇಲೆ ಚೀಟಿ ಅಂಟಿಸಿ ‘ಎಷ್ಟು ಮಾಡಿದ್ರೂ ಆಗ್ತಿಲ್ಲ’, ‘ಎದೆ ಡವಡವ’ ಎಂದು ಬರೆಯಿರಿ. ಸಿಟ್ಟು, ದುಃಖಕ್ಕೆ ಕೆಂಪು ಬಣ್ಣ ಬಳಿದು ‘ಕೆಟ್ಟ ಭಾವನೆ’ ಎಂದು ವಿಂಗಡಿಸಿದ ಸೆಟ್ ಕೊಳ್ಳಲೇಬೇಡಿ. ಸಿಟ್ಟು ಬಂದದ್ದೇ ತಪ್ಪು ಎಂದು ಮಗು ಕಲಿತರೆ ಅದನ್ನು ಹೇಳುವುದನ್ನೇ ಬಿಡುತ್ತದೆ.

ಭಾವನೆಗೆ ಹೆಸರಿಡುವುದರಿಂದ ಆಗುವುದೇನು? ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರದಲ್ಲಿದ್ದ ಮುಖದ ಭಾವಕ್ಕೆ ಪದ ಹೊಂದಿಸಿದಾಗ ಮಿದುಳಿನಲ್ಲಿ ಹೆದರಿಕೆಯಂಥ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ಅದು ವಯಸ್ಕರ ಮೇಲೆ ನಡೆದದ್ದು ಎಂಬುದೂ ನೆನಪಿರಲಿ. ಮನೆಯಲ್ಲಿ ಮಾಡಬೇಕಾದದ್ದು ಸುಲಭ: ರಾತ್ರಿ ಊಟಕ್ಕೆ ಕೂತಾಗ ಎಲ್ಲರೂ, ದೊಡ್ಡವರೂ ಸೇರಿ, ಒಂದೊಂದು ಕಾರ್ಡ್ ಎತ್ತಿ ಅಂದಿನದೊಂದು ಸಂಗತಿ ಹೇಳುವುದು. ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂದು ಮಗು ಕೇಳಿಸಿಕೊಳ್ಳಬೇಕು.

ಹಿಗ್ಗಿ ಕುಗ್ಗುವ ಚೆಂಡು ಇರುವುದು ನಿಧಾನವಾಗಿ ಉಸಿರಾಡುವ ಅಭ್ಯಾಸಕ್ಕೆ. ಅದು ಹಿಗ್ಗಿದಾಗ ಉಸಿರು ಒಳಗೆ, ಕುಗ್ಗಿದಾಗ ಹೊರಗೆ. ಒಳಗೆ ಮೂರು ಎಣಿಕೆ, ಹೊರಗೆ ನಾಲ್ಕೈದು. ಉಸಿರು ಬಿಡುವ ಹೊತ್ತು ಉದ್ದವಾದಾಗ ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಮೂಲಕ ಹೃದಯ ಬಡಿತ ನಿಧಾನವಾಗುತ್ತದೆ. ಮೊದಮೊದಲು ಚೆಂಡು ದೊಡ್ಡವರ ಕೈಯಲ್ಲಿರಲಿ. ಮಗುವಿನ ಕೈಗೆ ಕೊಟ್ಟರೆ ಪಟಪಟ ಎಳೆದು, ಅದೇ ವೇಗದಲ್ಲಿ ಉಸಿರಾಡಿ ತಲೆ ಸುತ್ತಿಸಿಕೊಳ್ಳುತ್ತದೆ, ಕೀಲುಗಳ ನಡುವೆ ಬೆರಳೂ ಸಿಕ್ಕಿಕೊಳ್ಳುತ್ತದೆ. ಐದು ಸುತ್ತು ಸಾಕು.

ಗ್ಲಿಟರ್ ಬಾಟಲಿಯನ್ನು ಅಲುಗಾಡಿಸಿದ ಮೇಲೆ ತಿಳಿಯಾಗಲು ಎರಡು ನಿಮಿಷ ಹಿಡಿದರೆ ಸರಿ. ಕೆಲವು ಕಿಟ್‌ಗಳಲ್ಲಿ ಬರೀ ನೀರಿರುವುದರಿಂದ ಕ್ಷಣದಲ್ಲಿ ಕೆಳಗಿಳಿಯುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದು: 300 ಮಿಲಿ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ಬೆಚ್ಚಗಿನ ನೀರು, ಎರಡು ದೊಡ್ಡ ಚಮಚ ಪಾರದರ್ಶಕ ಅಂಟು, ಒಂದು ಚಮಚ ಗ್ಲಿಟರ್, ಗಂಟುಕಟ್ಟದಂತೆ ಎರಡು ಹನಿ ಪಾತ್ರೆ ತೊಳೆಯುವ ಸೋಪು. ಬೇಗ ಇಳಿದರೆ ಅಂಟು ಹೆಚ್ಚಿಸಿ. ತಣ್ಣೀರಿನಲ್ಲಿ ಅಂಟು ಎಳೆಎಳೆಯಾಗಿ ನಿಲ್ಲುತ್ತದೆ. ಮುಚ್ಚಳವನ್ನು ಗಟ್ಟಿ ಅಂಟಿನಿಂದ ಭದ್ರಪಡಿಸಿ. ಗಾಜಿನ ಬಾಟಲಿ ಬೇಡವೇ ಬೇಡ, ಸಿಟ್ಟಿನಲ್ಲಿ ಅದು ಹಾರಿಯೇ ಹಾರುತ್ತದೆ.

ಮರಳು ಗಡಿಯಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಮರಳು ಮುಗಿಯೋವರೆಗೂ ಮೂಲೇಲಿ ಕೂತ್ಕೋ’ ಎಂದ ದಿನದಿಂದ ಇಡೀ ಪೆಟ್ಟಿಗೆಯೇ ಶಿಕ್ಷೆಯಾಗುತ್ತದೆ.

ಹಿಸುಕುವ ಚೆಂಡಿನೊಳಗೆ ನೀರು ಹೀರಿ ಉಬ್ಬುವ ಮಣಿಗಳಿದ್ದರೆ ಆ ಕ್ಷಣವೇ ಮನೆಯಿಂದ ಆಚೆ ಹಾಕಿ. ಚೆಂಡು ಹರಿದು ಮಗು ಮಣಿ ನುಂಗಿದರೆ ಅದು ಹೊಟ್ಟೆಯಲ್ಲಿ ಇನ್ನೂ ಉಬ್ಬಿ ಕರುಳಿಗೆ ಅಡ್ಡವಾಗಬಹುದು, ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು. ಅದರ ಬದಲು ಟವೆಲ್ ಹಿಂಡುವುದು, ಎರಡೂ ಕೈಯಿಂದ ಗೋಡೆ ತಳ್ಳುವುದು ಚೆನ್ನಾಗಿ ನಡೆಯುತ್ತದೆ.

‘ಕಿಟ್ ತಂದರೂ ಉಪಯೋಗವಾಗಲಿಲ್ಲ’ ಎನ್ನುವವರಲ್ಲಿ ಬಹಳ ಮಂದಿ ಅದನ್ನು ಮೊದಲು ತೆರೆದದ್ದೇ ಮಗು ನೆಲದ ಮೇಲೆ ಹೊರಳಾಡುತ್ತಿದ್ದಾಗ. ಆಗ ಮಗುವಿಗೆ ಹೊಸದು ಕಲಿಯಲು ಆಗುವುದಿಲ್ಲ. ಎರಡು ವಾರ, ದಿನಕ್ಕೆ ಐದು ನಿಮಿಷ, ನಗುನಗುತ್ತ ಇರುವಾಗಲೇ ಅಭ್ಯಾಸವಾಗಲಿ. ರಚ್ಚೆ ಹಿಡಿದಾಗ ಹಸಿವು, ನಿದ್ದೆ ವಿಚಾರಿಸಿ, ಮಾತು ಕಡಿಮೆ ಮಾಡಿ ಪಕ್ಕದಲ್ಲಿ ಕೂರಿ. ಅಳು ಬಿಕ್ಕಳಿಕೆಗೆ ಇಳಿದ ಮೇಲೆ ಪೆಟ್ಟಿಗೆ ಹತ್ತಿರ ತನ್ನಿ. ‘ಯಾಕೆ ಹಾಗೆ ಮಾಡ್ದೆ?’ ಎಂಬ ಪ್ರಶ್ನೆ ಆಮೇಲೆ. ಮಗುವನ್ನು ಪೆಟ್ಟಿಗೆಯ ಜೊತೆ ಒಂಟಿಯಾಗಿ ಕೋಣೆಗೆ ಕಳಿಸಬೇಡಿ.

ಮಗು ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ಕಾಯದೆ ಮಕ್ಕಳ ವೈದ್ಯರನ್ನೋ ಮಕ್ಕಳ ಮನೋತಜ್ಞರನ್ನೋ ಕಾಣಿ. ನಿದ್ದೆ, ಊಟ, ಆಟ ವಾರಗಟ್ಟಲೆ ಕೆಟ್ಟಿದ್ದರೂ ಅಷ್ಟೇ, ಇನ್ನೊಂದು ಕಿಟ್ ಹುಡುಕುತ್ತ ದಿನ ಕಳೆಯಬೇಡಿ.