ಪ್ರಬಂಧವನ್ನೇ ಒತ್ತೆ ಇಟ್ಟುಕೊಳ್ಳುವ ಜರ್ನಲ್‌ಗಳಿವೆ, ಎಚ್ಚರ

ಪಿಎಚ್.ಡಿ. ಮಾಡುತ್ತಿರುವವರೂ ಮಾಡಿಸುತ್ತಿರುವವರೂ ಇದನ್ನು ಓದಿ. ನನ್ನ ಮಾರ್ಗದರ್ಶನದಲ್ಲಿರುವ ವಿದ್ಯಾರ್ಥಿನಿಯೊಬ್ಬಳ ಪ್ರಬಂಧ ನಕಲಿ ಜರ್ನಲ್ ಒಂದರ ಕೈಗೆ ಸಿಕ್ಕಿಬಿದ್ದಿದೆ. ದುಡ್ಡು ಹೋಗಿಲ್ಲ, ಏಕೆಂದರೆ ನಾವು ಕೊಡಲಿಲ್ಲ. ಹೋಗಿರುವುದು ಅದಕ್ಕಿಂತ ದೊಡ್ಡದು. ರಾಗಿಯ ಬೆಂಕಿ ರೋಗದ ಬಗ್ಗೆ ಹಂಗಾಮುಗಟ್ಟಲೆ ಹೊಲದಲ್ಲಿ ನಿಂತು ಆಕೆ ಕಲೆಹಾಕಿದ ಮಾಹಿತಿಯನ್ನು ಒಳ್ಳೆಯ ಜರ್ನಲ್‌ಗಳು ಈಗ ಮುಟ್ಟಲು ಹಿಂಜರಿಯುತ್ತಿವೆ.

ಆ ಜರ್ನಲ್‌ನ ವೆಬ್‌ಸೈಟಿನಲ್ಲಿ ಮೇಲ್ನೋಟಕ್ಕೆ ಎಲ್ಲವೂ ಇತ್ತು. ಐಎಸ್‌ಎಸ್‌ಎನ್ ಸಂಖ್ಯೆ, ದಪ್ಪಕ್ಷರದಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್, ‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’ ಎಂಬ ಮುದ್ರೆ. ಐಎಸ್‌ಎಸ್‌ಎನ್ ಎಂಬುದು ನಿಯತಕಾಲಿಕವನ್ನು ಗುರುತಿಸುವ ಸಂಖ್ಯೆ ಮಾತ್ರ; ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಜರ್ನಲ್‌ನ ಪ್ರಬಂಧಗಳನ್ನು ಇತರರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಹೇಳುವ ಅಂಕವೇ ಇಂಪ್ಯಾಕ್ಟ್ ಫ್ಯಾಕ್ಟರ್; ಅದನ್ನು ಲೆಕ್ಕ ಹಾಕಿ ಪ್ರಕಟಿಸುವುದು ಕ್ಲಾರಿವೇಟ್ ಸಂಸ್ಥೆ; ಇವರಿಗೆ ಅಂಕ ಕೊಟ್ಟ ಏಜೆನ್ಸಿಯ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಇನ್ನು ಕೇರ್ ಪಟ್ಟಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಒಪ್ಪಿದ ಜರ್ನಲ್‌ಗಳ ಪಟ್ಟಿ: ಆಯೋಗ ಅದನ್ನು 2025ರ ಫೆಬ್ರುವರಿಯಲ್ಲೇ ಕೈಬಿಟ್ಟಿದೆ. ಅದಕ್ಕೂ ಹಿಂದಿನ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ ಒಂದೇ ಏಟಿಗೆ 4,305 ಜರ್ನಲ್‌ಗಳನ್ನು ಕಿತ್ತುಹಾಕಿದ್ದು ನೆನಪಿದ್ದರೆ, ಇಂಥ ಮುದ್ರೆಗಳನ್ನು ಎಷ್ಟು ನೆಚ್ಚಬಹುದು ಎಂಬುದನ್ನು ನೀವೇ ಊಹಿಸಿ.

ಪ್ರಬಂಧ ಕಳುಹಿಸಿದ ಮರುದಿನವೇ ಒಪ್ಪಿಗೆ ಪತ್ರ ಬಂತು. ಜೊತೆಗೆ ಪರಿಶೀಲಕರ ವರದಿ ಎಂಬ ಒಂದು ಪುಟ. ಅದರಲ್ಲಿ ಹತ್ತಾರು ಚೌಕಗಳು, ಎಲ್ಲದರಲ್ಲೂ ‘ಅತ್ಯುತ್ತಮ’ದ ಮುಂದೆ ಸರಿ ಗುರುತು. ‘ಚಿತ್ರಗಳು ಸ್ಪಷ್ಟವಾಗಿವೆ’ ಎಂಬ ಷರಾ ಬೇರೆ. ಚಿತ್ರಗಳ ಕಡತವನ್ನು ಆ ವೆಬ್‌ಸೈಟ್ ಸ್ವೀಕರಿಸಿರಲೇ ಇಲ್ಲ! ಅವರ ಬಳಿ ಇದ್ದದ್ದು ಬರೀ ಪಠ್ಯ. ಇಲ್ಲದ ಚಿತ್ರಗಳನ್ನು ಸ್ಪಷ್ಟವಾಗಿ ಕಂಡ ಆ ಮಹಾನುಭಾವ ಯಾರೋ.

ಪ್ರಕಟಣಾ ಶುಲ್ಕವನ್ನು ಯಾರದೋ ಸ್ವಂತ ಖಾತೆಗೆ ಹಾಕಬೇಕಿತ್ತು. ಪ್ರಬಂಧವನ್ನು ಹಿಂಪಡೆಯುತ್ತೇವೆ ಎಂದು ಅಂದೇ ಬರೆದೆವು. ಅಲ್ಲಿಯವರೆಗೆ ‘ಗೌರವಾನ್ವಿತ ಸಂಶೋಧಕರೇ’ ಎನ್ನುತ್ತಿದ್ದವರ ದನಿ ಬದಲಾಯಿತು. ಹಿಂಪಡೆಯುವುದಕ್ಕೂ ಶುಲ್ಕವಂತೆ, ಅದೂ ಪ್ರಕಟಣೆಯ ಶುಲ್ಕಕ್ಕಿಂತ ಹೆಚ್ಚು. ಕೊಡದಿದ್ದರೆ ವಿಶ್ವವಿದ್ಯಾಲಯಕ್ಕೆ ದೂರು ಕೊಡುತ್ತೇವೆ ಎಂಬ ಬೆದರಿಕೆ. ನಾವು ಜಗ್ಗಲಿಲ್ಲ. ಒಂದು ದಿನ ನೋಡಿದರೆ ಪ್ರಬಂಧ ಅವರ ವೆಬ್‌ಸೈಟಿನಲ್ಲಿ ಪ್ರಕಟವಾಗಿತ್ತು. ಚಿತ್ರಗಳಿಲ್ಲ, ನನ್ನ ಹೆಸರಿನ ಕಾಗುಣಿತ ತಪ್ಪು, ಜೊತೆಗೆ ನಮಗೆ ಗೊತ್ತೇ ಇಲ್ಲದ ಮೂರನೆಯ ಲೇಖಕರೊಬ್ಬರು.

ಪೆಟ್ಟು ಬಿದ್ದದ್ದು ಇಲ್ಲಿ. ಒಳ್ಳೆಯ ಜರ್ನಲ್‌ಗೆ ಅದನ್ನೇ ಕಳುಹಿಸಿದಾಗ, ಇದು ಈಗಾಗಲೇ ಪ್ರಕಟವಾಗಿದೆ, ಹಿಂಪಡೆದ ಪತ್ರ ತನ್ನಿ ಎಂದರು ಸಂಪಾದಕರು. ಅವರದು ತಪ್ಪಲ್ಲ, ಒಂದೇ ಸಂಶೋಧನೆ ಎರಡು ಕಡೆ ಪ್ರಕಟವಾಗದಂತೆ ನೋಡಿಕೊಳ್ಳುವುದು ಅವರ ಹೊಣೆ. ಆದರೆ ಆ ಪತ್ರ ಕೊಡಬೇಕಾದವರು ದುಡ್ಡಿಲ್ಲದೆ ಬಾಯಿ ಬಿಡುವುದಿಲ್ಲ. ಪ್ರಾಮಾಣಿಕರ ನಿಯಮವೇ ಇವರ ಬಂಡವಾಳ.

ಇದು ಹೊಸ ಆಟವೇನಲ್ಲ. ಹೈದರಾಬಾದಿನ ಓಮಿಕ್ಸ್ ಎಂಬ ಜರ್ನಲ್ ಪ್ರಕಾಶನ ಸಂಸ್ಥೆಯ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಮೊಕದ್ದಮೆಯಲ್ಲಿ, ಶುಲ್ಕ ಮುಚ್ಚಿಡುವುದು, ಪರಿಶೀಲನೆ ಇಲ್ಲದೆ ಪ್ರಕಟಿಸುವುದರ ಜೊತೆಗೆ ಪ್ರಬಂಧ ಹಿಂಪಡೆಯಲು ಬಿಡದಿರುವುದೂ ಒಂದು ಆರೋಪವಾಗಿತ್ತು. 2019ರಲ್ಲಿ ಅಲ್ಲಿನ ನ್ಯಾಯಾಲಯ 5 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತ ಕಟ್ಟಲು ಆದೇಶಿಸಿತು. (ನಮ್ಮನ್ನು ಸತಾಯಿಸುತ್ತಿರುವವರು ಬೇರೆ.)

ಗಡುವಿನ ಭಯವೇ ಇವರಿಗೆ ಗಿರಾಕಿಗಳನ್ನು ಒದಗಿಸುವುದು. ಮಹಾಪ್ರಬಂಧ ಸಲ್ಲಿಸುವ ಮುನ್ನ ಪ್ರಕಟಣೆ ಕಡ್ಡಾಯ ಎಂಬ ಷರತ್ತನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನೆನ್ನುತ್ತದೆ ಎಂದು ಮೊದಲು ಕೇಳಿ. ಇಲ್ಲದ ಗಡುವಿಗೆ ಓಡಬೇಡಿ. ಕಳುಹಿಸುವ ಮುನ್ನ ಸಂಪಾದಕ ಮಂಡಳಿಯ ಒಬ್ಬಿಬ್ಬರಿಗೆ ಅವರ ಸಂಸ್ಥೆಯ ವಿಳಾಸಕ್ಕೆ ಮೇಲ್ ಮಾಡಿ. ನಾವು ಆಮೇಲೆ ಮಾಡಿದಾಗ, ‘ಆ ಜರ್ನಲ್ ಯಾವುದೆಂದೇ ಗೊತ್ತಿಲ್ಲ’ ಎಂದು ಒಬ್ಬರು ಉತ್ತರಿಸಿದರು.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಹಕ್ಕುಸ್ವಾಮ್ಯ ವರ್ಗಾವಣೆಯ ನಮೂನೆಗೆ ಮಾತ್ರ ಸಹಿ ಹಾಕಬೇಡಿ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಲಿಖಿತವಾಗಿ, ಸಹಿಯೊಂದಿಗೆ ಬರೆದುಕೊಡದೆ ಹಕ್ಕು ಕೈಬದಲಾಗುವುದಿಲ್ಲ. ನನ್ನ ವಿದ್ಯಾರ್ಥಿನಿ ಸಹಿ ಹಾಕಿರಲಿಲ್ಲ. ಸಹಿ ಹಾಕದಿರುವುದನ್ನೂ, ಪ್ರಬಂಧ ಹಿಂಪಡೆಯಲು ಬರೆದ ಮೇಲ್‌ಗಳ ಪ್ರತಿಗಳನ್ನೂ ಮುಂದಿಟ್ಟು ಆ ಒಳ್ಳೆಯ ಜರ್ನಲ್‌ನ ಸಂಪಾದಕರಿಗೆ ಮತ್ತೆ ಬರೆದಿದ್ದೇವೆ; ಪರಿಶೀಲಿಸುತ್ತೇವೆ ಎಂದಿದ್ದಾರೆ.