ಗಿಟ್ ಎಲ್‌ಎಫ್‌ಎಸ್: ಚೀಟಿ ಬಂತು, ಮೂಟೆ ಬರಲಿಲ್ಲ

ನಮ್ಮ ಮನೆ ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ. ಹಗಲು ಬೆಂಗಳೂರಿನ ಕಂಪನಿಯೊಂದಕ್ಕೆ ಕೋಡ್ ಬರೆಯುತ್ತೇನೆ. ರಾತ್ರಿ ಎಲ್ಲಾದರೂ ತಾಳಮದ್ದಲೆ ಇದ್ದರೆ ರೆಕಾರ್ಡರ್ ಹಿಡಿದು ಹೋಗುತ್ತೇನೆ. ಕಾರವಾರದಲ್ಲಿರುವ ಭಾವ ಆ ಧ್ವನಿ ಕೇಳಿ, ಫ್ಯಾನಿನ ಸದ್ದು, ಹೆಂಚಿನ ಮೇಲಿನ ಮಳೆ ಸದ್ದು ಎಲ್ಲ ತೆಗೆದು ಸರಿಮಾಡುತ್ತಾರೆ. ಪದ್ಯ, ಟಿಪ್ಪಣಿ, ವೆಬ್‌ಸೈಟಿನ ಕೋಡ್ ಎಲ್ಲ ಒಂದೇ ಗಿಟ್ ರೆಪೋದಲ್ಲಿತ್ತು, ಅಂದರೆ ಪ್ರತಿ ಬದಲಾವಣೆಯ ಚರಿತ್ರೆಯನ್ನೂ ಉಳಿಸಿಡುವ ಕಡತಕೋಶದಲ್ಲಿ. ಧ್ವನಿಯೂ ಅಲ್ಲೇ ಇರಲಿ ಅಂತ ನನಗೆ ಆಸೆ ಹುಟ್ಟಿತು. ದೊಡ್ಡ ಫೈಲುಗಳಿಗಾಗಿ ಗಿಟ್‌ಗೆ ಜೋಡಿಸುವ ಗಿಟ್ ಎಲ್‌ಎಫ್‌ಎಸ್ ಅನ್ನುವ ಸಾಧನವನ್ನು ಎರಡು ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಡಿಮೆಯಾದ ಒಂದೂವರೆಯಲ್ಲಿ ಒಂದು ನನ್ನದೇ ತಪ್ಪು.

ಮೊದಲು ಲೆಕ್ಕ ನೋಡಿ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ವೇವ್ ಫೈಲ್ ಅಂದರೆ ನಿಮಿಷಕ್ಕೆ 17 ಎಂಬಿ ಚಿಲ್ಲರೆ. ಗಂಟೆಗೆ ಹೆಚ್ಚುಕಡಿಮೆ 1 ಜಿಬಿ. ಅರ್ಥಧಾರಿಗಳು ರಂಗಕ್ಕೆ ಬಂದರೆ ಮೂರೂವರೆ ಗಂಟೆ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಗಿಟ್ ಅನ್ನು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೋಡಿಗಾಗಿ ಬರೆದರು. ಅಕ್ಷರಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ. ಧ್ವನಿ ಫೈಲಿನಲ್ಲಿ ಭಾವ ಸದ್ದು ತೆಗೆದರೆ ಇಡೀ ಫೈಲೇ ಬದಲಾದಂತೆ. ಮೊದಲಿನದೂ ಉಳಿಯುತ್ತದೆ, ಹೊಸದೂ ಸೇರುತ್ತದೆ. ಕ್ಲೋನ್ ಮಾಡುವವರು, ಅಂದರೆ ರೆಪೋದ ಪೂರ್ತಿ ಪ್ರತಿ ಇಳಿಸಿಕೊಳ್ಳುವವರು, ಹಳೆಯದನ್ನೆಲ್ಲ ಹೊತ್ತುಕೊಳ್ಳಬೇಕು. ಸಾಲದ್ದಕ್ಕೆ ರೆಪೋ ಇಡಲು ಜಾಗ ಕೊಡುವ ಗಿಟ್‌ಹಬ್‌ನಂಥ ಕಡೆ 100 ಎಂಬಿ ಮೀರಿದ ಒಂದೇ ಫೈಲನ್ನು ಮಾಮೂಲಿ ಗಿಟ್‌ನಲ್ಲಿ ತೆಗೆದುಕೊಳ್ಳುವುದೇ ಇಲ್ಲ.

ಎಲ್‌ಎಫ್‌ಎಸ್ ಮಾಡುವುದು ಸರಳ ಕೆಲಸ. ಸೊಸೈಟಿಗೆ ಅಡಿಕೆ ಹಾಕಿ ಬಂದರೆ ಮೂಟೆ ಅಲ್ಲೇ ಉಳಿಯುತ್ತದೆ, ನಮ್ಮ ಕೈಗೆ ತೂಕ ಬರೆದ ಚೀಟಿ ಬರುತ್ತದೆ, ಅಲ್ವಾ? ಹಾಗೇ ಇದು. ದೊಡ್ಡ ಫೈಲ್ ಬೇರೆ ಗೋದಾಮಿಗೆ ಹೋಗುತ್ತದೆ. ಗಿಟ್‌ನಲ್ಲಿ ಉಳಿಯುವುದು ಮೂರು ಸಾಲಿನ ಚೀಟಿ: ಯಾವ ನಮೂನೆ, ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿದ ಶಾ-256 ಗುರುತು ಏನು, ಎಷ್ಟು ಬೈಟ್. ಚೀಟಿಯ ಗಾತ್ರ 130 ಬೈಟ್ ಆಸುಪಾಸು. 2015ರಲ್ಲಿ ಬಂದ ಓಪನ್ ಸೋರ್ಸ್ ಸಾಧನ, ದುಡ್ಡು ಕೊಡಬೇಕಿಲ್ಲ. ಗೋದಾಮಿನ ಬಾಡಿಗೆ ಮಾತ್ರ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಯಾವ ಫೈಲಿಗೆ ಚೀಟಿ, ಯಾವುದಕ್ಕೆ ಬೇಡ ಅನ್ನುವುದನ್ನು ಹೇಳುವುದು ಟ್ರ್ಯಾಕ್ ಅನ್ನುವ ಆಜ್ಞೆ. ಅದು ಗಿಟ್‌ಆಟ್ರಿಬ್ಯೂಟ್ಸ್ ಅನ್ನುವ ಫೈಲಿನಲ್ಲಿ ಒಂದು ಸಾಲು ಬರೆದಿಡುತ್ತದೆ. ನನ್ನ ತಾಪತ್ರಯವೆಲ್ಲ ಆ ಒಂದು ಸಾಲಿನದು. ನಾನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ವೇವ್ (wav) ಅಂತ ಬರೆದೆ. ನನ್ನ ರೆಕಾರ್ಡರ್ ಫೈಲಿಗೆ ಹೆಸರಿಡುವುದು ದೊಡ್ಡಕ್ಷರದಲ್ಲಿ (WAV). ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ. ಭಾವ ಸರಿಮಾಡಿದ ಫೈಲುಗಳು ಗೋದಾಮಿಗೆ ಹೋದವು, ನನ್ನ ಮೂಲ ರೆಕಾರ್ಡಿಂಗ್‌ಗಳೆಲ್ಲ ಗಿಟ್‌ನ ಹೊಟ್ಟೆಗೇ ಹೋದವು. ಆಗ ನಮ್ಮದು ಮನೆಯಲ್ಲೇ ಇಟ್ಟ ಸರ್ವರ್, 100 ಎಂಬಿ ಅಂತ ತಡೆಯುವವರು ಯಾರೂ ಇಲ್ಲ. ಗೊತ್ತಾಗುವಷ್ಟರಲ್ಲಿ ಒಂಬತ್ತು ರೆಕಾರ್ಡಿಂಗ್ ಒಳಗಿದ್ದವು.

ಸಾಲು ತಿದ್ದಿದರೆ ಸರಿಹೋಗುತ್ತದೆ ಅಂದುಕೊಂಡೆ. ಇಲ್ಲ. ಟ್ರ್ಯಾಕ್ ಇನ್ನು ಮುಂದಿನದ್ದಕ್ಕೆ ಮಾತ್ರ, ಹಿಂದೆ ಕಮಿಟ್ ಆದದ್ದನ್ನು, ಅಂದರೆ ಗಿಟ್‌ನ ಚರಿತ್ರೆಗೆ ಆಗಲೇ ಸೇರಿದ್ದನ್ನು, ಮುಟ್ಟುವುದಿಲ್ಲ. ಅದಕ್ಕೆ ಮೈಗ್ರೇಟ್ ಇಂಪೋರ್ಟ್ ಅಂತ ಬೇರೆ ಆಜ್ಞೆ ಇದೆ. ಅದು ಇಡೀ ಚರಿತ್ರೆಯನ್ನು ಹೊಸದಾಗಿ ಬರೆಯುತ್ತದೆ. ಕಮಿಟ್‌ಗಳ ಗುರುತೆಲ್ಲ ಬದಲಾಗುತ್ತದೆ, ಫೋರ್ಸ್ ಪುಶ್ ಮಾಡಿ ಸರ್ವರಿನ ಹಳೆಯದರ ಮೇಲೆ ಹೊಸದನ್ನು ಬಲವಂತವಾಗಿ ಕೂರಿಸಬೇಕು, ಭಾವ ತಮ್ಮ ಹಳೆ ಫೋಲ್ಡರ್ ಬಿಸಾಕಿ ಮತ್ತೆ ಕ್ಲೋನ್ ಮಾಡಬೇಕು. ಆಷಾಢದ ಮಳೆ, ಗಂಟೆಗೊಮ್ಮೆ ಕರೆಂಟ್ ಹೋಗುತ್ತಿತ್ತು. ಯುಪಿಎಸ್ ಕೂಗುವುದನ್ನು ಕೇಳುತ್ತಾ ಎರಡು ರಾತ್ರಿ ಕೂತೆ.

ಮರುದಿನ ಬೆಳಿಗ್ಗೆ ಭಾವನ ಫೋನ್. "ಭಾವಾ, ಎಂತದೂ ಕೇಳ್ತಿಲ್ಲೆ ಮಾರಾಯಾ!" ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಅವರು ಲ್ಯಾಪ್‌ಟಾಪಿಗೆ ಉಬುಂಟು ಹೊಸದಾಗಿ ಹಾಕಿಸಿದ್ದರು. ಗಿಟ್ ಇತ್ತು, ಎಲ್‌ಎಫ್‌ಎಸ್ ಇರಲಿಲ್ಲ. ಹಾಗಾಗಿ ಮೂರೂವರೆ ಗಂಟೆಯ ಪ್ರಸಂಗ 130 ಬೈಟ್ ಆಗಿ ಕೂತಿತ್ತು. ಬರೀ ಚೀಟಿ. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂದದ್ದು ಏನಂದರೆ, ಗಿಟ್ ಒಂದು ಮಾತೂ ಹೇಳುವುದಿಲ್ಲ. ಕ್ಲೋನ್ ಆಯಿತು ಅಂತ ಸುಮ್ನೆ ಮುಗಿಸಿಬಿಡುತ್ತದೆ.

ಇನ್ನೊಂದು ಕೊರತೆ. ಟ್ರ್ಯಾಕ್ ಹೆಸರು ನೋಡುತ್ತದೆ, ತೂಕ ನೋಡುವುದಿಲ್ಲ. 40 ಕೆಬಿಯ ಗಂಟೆ ಸದ್ದಿಗೂ ಚೀಟಿ. 90 ಎಂಬಿಯ ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಸದ್ದಿಲ್ಲದೆ ಗಿಟ್‌ಗೇ ನುಗ್ಗುತ್ತದೆ. ಮೈಗ್ರೇಟ್‌ನಲ್ಲಿ ಇಷ್ಟು ಎಂಬಿ ಮೇಲಿನದು ಅಂತ ಕೇಳುವ ಸೌಲಭ್ಯ ಇದೆ, ಆದರೆ ಅದು ಹಾಲು ಉಕ್ಕಿದ ಮೇಲೆ ಒಲೆ ಒರೆಸಿದ ಹಾಗೆ. ಕೊನೆಗೆ ನಾನೇ ಕಮಿಟ್‌ಗೆ ಮೊದಲು ಓಡುವ ಚಿಕ್ಕ ಸ್ಕ್ರಿಪ್ಟ್ ಬರೆದೆ: 5 ಎಂಬಿ ಮೀರಿದ ಫೈಲ್ ಎಲ್‌ಎಫ್‌ಎಸ್‌ನಲ್ಲಿ ಇಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಿಸು. ನಿಯಮವನ್ನೂ ಬದಲಿಸಿದೆ. ಈಗ ಧ್ವನಿ ಅನ್ನುವ ಫೋಲ್ಡರಿಗೆ ಏನೇ ಬಿದ್ದರೂ ಗೋದಾಮಿಗೆ. ಅಕ್ಷರ ದೊಡ್ಡದೋ ಚಿಕ್ಕದೋ ಅನ್ನುವ ತಲೆಬಿಸಿ ಇಲ್ಲ.

ಲಾಕ್ ಸೌಲಭ್ಯಕ್ಕೆ ಪೂರ್ತಿ ಅಂಕ. ಧ್ವನಿಯಲ್ಲಿ ಇಬ್ಬರ ತಿದ್ದುಪಡಿ ಒಟ್ಟುಗೂಡಿಸಲು ಆಗುವುದಿಲ್ಲ. ಭಾವ ಲಾಕ್ ಹಾಕಿದರೆ ಅವರು ಬಿಡುವವರೆಗೆ ನನ್ನ ಬದಲಾವಣೆ ಮೇಲೆ ಹೋಗುವುದಿಲ್ಲ. ಸರ್ವರ್ ಇದಕ್ಕೆ ಒಪ್ಪುವಂಥದ್ದಾಗಿರಬೇಕು, ಅಷ್ಟೇ.

ಈಗ ಬಾಡಿಗೆ ವಿಚಾರ. ಮನೆ ಸರ್ವರ್ ಸಾಕಾಗಿ ಹೊರಗಿನ ಹೋಸ್ಟಿಂಗ್‌ಗೆ ಹೋದೆವು. ಅಲ್ಲಿ ಇಟ್ಟದ್ದಕ್ಕೂ ಲೆಕ್ಕ, ಇಳಿಸಿಕೊಂಡದ್ದಕ್ಕೂ ಲೆಕ್ಕ. ವೆಬ್‌ಸೈಟ್ ಕಟ್ಟುವ ಯಂತ್ರ ಪ್ರತಿ ಪುಶ್‌ಗೂ ಹೊಸದಾಗಿ ಕ್ಲೋನ್ ಮಾಡಿ ಎಲ್ಲ ಧ್ವನಿಯನ್ನೂ ಎಳೆಯುತ್ತಿತ್ತು. ಪದ್ಯದಲ್ಲಿ ಒಂದು ಒತ್ತಕ್ಷರ ತಿದ್ದಿದರೂ ಜಿಬಿಗಟ್ಟಲೆ! ತಿಂಗಳ ಮಿತಿ ಐದೇ ದಿನಕ್ಕೆ ಮುಗಿಯಿತು. ಸ್ಕಿಪ್ ಸ್ಮಜ್ ಅನ್ನುವ ಸೆಟ್ಟಿಂಗ್ 1 ಅಂತ ಇಟ್ಟರೆ ಚೀಟಿ ಮಾತ್ರ ಬರುತ್ತದೆ. ಅದನ್ನು ನಾನು ಮೊದಲೇ ಓದಬೇಕಿತ್ತು. ಪ್ರೂನ್ ಅನ್ನುವ ಆಜ್ಞೆ ಕೊಟ್ಟರೆ ನಮ್ಮ ಡಿಸ್ಕ್‌ನ ಹಳೆ ಪ್ರತಿ ಮಾತ್ರ ಹೋಗುತ್ತದೆ, ಗೋದಾಮಿನದು ಹಾಗೇ ಇರುತ್ತದೆ.

ಹೊಸದಾಗಿ ಶುರುಮಾಡುವವರು ಎಲ್‌ಎಸ್ ಫೈಲ್ಸ್ ಆಜ್ಞೆಯನ್ನು ಅಭ್ಯಾಸ ಮಾಡಿಕೊಳ್ಳಿ. ಫೈಲಿನ ಹೆಸರಿಗೆ ಮೊದಲು ನಕ್ಷತ್ರ ಇದ್ದರೆ ಮೂಟೆ ಮನೆಗೆ ಬಂದಿದೆ. ಅಡ್ಡಗೀಟು ಇದ್ದರೆ ಬರೀ ಚೀಟಿ. ಈಗ ಕಾರವಾರದಿಂದ "ಕೇಳ್ತಿಲ್ಲೆ" ಅಂತ ಫೋನ್ ಬಂದರೆ ನಾನು ಕೇಳುವುದು ಒಂದೇ. "ಭಾವಾ, ನಕ್ಷತ್ರನೋ ಗೀಟೋ?"